ಓಡದ ಕಾರಿಗೂ ವಯಸ್ಸಾಗುತ್ತದೆ

ಮೂರ್ನಾಡಿನ ವಿದ್ಯಾರ್ಥಿಯೊಬ್ಬರ ಪತ್ರಕ್ಕೆ ಈ ವಾರದ ಅಂಕಣ ಮೀಸಲು. ಅವರು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾರೆ. ಮನೆಯಲ್ಲಿ ಕಾಫಿ ತೋಟವಿದೆ. ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆಯಂತೆ. ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ, ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ವಿದೇಶದಿಂದ ಆಮದಾದದ್ದು, ನೋಂದಣಿ ಪುದುಚೇರಿಯದು. ವಯಸ್ಸು ಹನ್ನೊಂದು ವರ್ಷ, ಓಡಿರುವುದು ಮಾತ್ರ ಬರೀ 16,000 ಕಿಲೋಮೀಟರ್. ಕೇಳುತ್ತಿರುವ ಬೆಲೆ 11 ಲಕ್ಷ ರೂಪಾಯಿ. ಹೊಸದಾಗಿದ್ದಾಗಿನ ಬೆಲೆಯ ಮೂರನೇ ಒಂದು ಪಾಲೂ ಅಲ್ಲವಂತೆ. “ಇಷ್ಟು ಕಡಿಮೆ ಓಡಿದ ಕಾರು ಇಷ್ಟು ಅಗ್ಗಕ್ಕೆ ಮತ್ತೆ ಸಿಗುತ್ತದೆಯೆ? ಅಪ್ಪನಿಗೆ ನೀವೇ ಒಂದು ಮಾತು ಹೇಳಿ” ಎಂದು ಕೇಳಿದ್ದಾರೆ.

ಅದೇ ಹಾಳೆಯ ಹಿಂಬದಿಯಲ್ಲಿ ಅಪ್ಪನ ಕೈಬರಹದಲ್ಲಿ ನಾಲ್ಕು ಸಾಲುಗಳಿವೆ. “ಜಾಹೀರಾತಿನಲ್ಲಿ ‘ಲೋ ಮೈಲೇಜ್’ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಮೈಲೇಜ್ ಕೊಡದ ಗಾಡಿಯನ್ನು ದುಡ್ಡು ಕೊಟ್ಟು ತರುವುದುಂಟೆ? ಈಚೆಗೆ ಕಾಫಿಗೆ ಒಳ್ಳೆಯ ಬೆಲೆ ಬಂದದ್ದು ನಿಜ. ಹುಡುಗ ಅಪರೂಪಕ್ಕೆ ಒಂದು ಕೇಳಿದ್ದಾನೆ. ಇಲ್ಲ ಎನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ.”

ಒಂದೇ ಮನೆಯ ಇಬ್ಬರು ಒಂದೇ ಹಾಳೆಯಲ್ಲಿ ಬರೆದು ಕಳಿಸಿದ್ದಾರೆ ಎಂದರೆ ಮಾತುಕತೆ ಇನ್ನೂ ಮುರಿದಿಲ್ಲ ಎಂದು ಅರ್ಥ. ಅದು ಸಂತೋಷದ ಸಂಗತಿ. ಇಂಥ ಪ್ರಶ್ನೆ ಬೇರೆ ಮನೆಗಳಲ್ಲೂ ಬೇರೆ ಬೇರೆ ರೂಪದಲ್ಲಿ ಏಳುತ್ತಿರುತ್ತದೆ. ಒಬ್ಬರಿಗೆ ಕಾರು, ಇನ್ನೊಬ್ಬರಿಗೆ ಹಳೆಯ ಬೈಕು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಯಾವ ಮೈಲೇಜು?

ಮೊದಲು ಮೈಲೇಜಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಲೆಕ್ಕ. ಹಳೆಯ ಕಾರುಗಳ ಜಾಹೀರಾತಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಕಾರು ಹುಟ್ಟಿದಂದಿನಿಂದ ಒಟ್ಟು ಎಷ್ಟು ದೂರ ಓಡಿದೆ ಎಂಬುದನ್ನು ಅಲ್ಲಿ ಮೈಲೇಜ್ ಎನ್ನುತ್ತಾರೆ. ಮಗ ಓದಿಕೊಂಡದ್ದು ಎರಡನೆಯ ಅರ್ಥ, ಅಪ್ಪ ಹಿಡಿದದ್ದು ಮೊದಲನೆಯದು. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಎರಡೂ ನಿಜ ಎಂಬುದೇ ತಮಾಷೆ. ಅದು ಓಡಿರುವುದೂ ಕಡಿಮೆ, ಲೀಟರಿಗೆ ಕೊಡುವುದೂ ಕಡಿಮೆ.

ಮಗನ ವಾದ ಸರಳವಾಗಿದೆ. ಕಾರು ಸವೆಯುವುದು ಓಡಿದಾಗ. ಓಡದಿದ್ದರೆ ಸವೆದಿಲ್ಲ. ಸವೆಯದ ಕಾರು ಹೊಸದರಂತೆಯೇ. ಈ ವಾದದಲ್ಲಿ ಅರ್ಧ ಸತ್ಯವಿದೆ. ಪಿಸ್ಟನ್ನು, ಗೇರು, ಬೇರಿಂಗು, ಬ್ರೇಕ್ ಪ್ಯಾಡು ಇವು ಓಡಿದಷ್ಟೂ ಸವೆಯುತ್ತವೆ. ಆದರೆ ಕಾರಿನಲ್ಲಿ ಕಬ್ಬಿಣದ ಜೊತೆಗೆ ರಬ್ಬರಿದೆ, ಎಣ್ಣೆಯಿದೆ, ವಯರಿದೆ, ಬಟ್ಟೆಯಿದೆ. ಇವುಗಳ ಆಯಸ್ಸು ಓಡಿದ ದೂರದಷ್ಟೇ ಕಳೆದ ವರ್ಷಗಳ ಮೇಲೂ ನಿಂತಿದೆ.

ವರ್ಷಾನುಗಟ್ಟಲೆ ಬೀಗ ಹಾಕಿದ ಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಯಾರೂ ಓಡಾಡಿಲ್ಲ, ಯಾರೂ ಗೋಡೆ ಕೊಳೆ ಮಾಡಿಲ್ಲ. ಹಾಗೆಂದು ಆ ಮನೆ ಹೊಸದಾಗಿ ಉಳಿದಿರುತ್ತದೆಯೆ? ಬಾಗಿಲು ಉಬ್ಬಿ ಹಿಡಿದಿರುತ್ತದೆ, ಸೂರಿನಲ್ಲಿ ಸೋರಿಕೆ ಶುರುವಾಗಿರುತ್ತದೆ, ಅಟ್ಟದಲ್ಲಿ ಇಲಿ ಸಂಸಾರ ಹೂಡಿರುತ್ತದೆ. ನಿಂತ ಕಾರಿನ ಕಥೆಯೂ ಹೆಚ್ಚು ಕಡಿಮೆ ಇದೇ.

ನಿಂತಲ್ಲೇ ಏನಾಗುತ್ತದೆ?

ಬ್ರೇಕ್ ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ತೇವ ಸೇರಿದಂತೆ ಅದು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕನ್ನು ಸತತವಾಗಿ ಒತ್ತಿದರೆ ಎಣ್ಣೆ ಕುದಿದು ಗುಳ್ಳೆ ಎದ್ದು ಪೆಡಲ್ಲು ಸರಕ್ಕನೆ ಕೆಳಗೆ ಹೋಗಬಹುದು. ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ, ಕಾರು ಓಡಿರಲಿ ಬಿಡಲಿ, ಬ್ರೇಕ್ ಎಣ್ಣೆ ಬದಲಿಸಿ ಎನ್ನುತ್ತಾರೆ.

ಟೈರಿನ ಹಲ್ಲು ಚೆನ್ನಾಗಿದ್ದರೂ ರಬ್ಬರು ಒಣಗಿ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಐದಾರು ವರ್ಷ ದಾಟಿದ ಟೈರನ್ನು ನಂಬಿ ವೇಗದ ಕಾರು ಓಡಿಸುವುದು ಜಾಣತನವಲ್ಲ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಭಾರ ಬೀಳುವ ಕಡೆ ಟೈರು ಚಪ್ಪಟೆಯಾಗುವುದೂ ಉಂಟು.

ಪೆಟ್ರೋಲ್ ವಿಷಯ ಈಚಿನದು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಎಥನಾಲಿಗೂ ನೀರು ಹೀರುವ ಗುಣವಿದೆ. ಹನ್ನೊಂದು ವರ್ಷ ಹಿಂದಿನ ಕಾರನ್ನು ಈ ಪ್ರಮಾಣಕ್ಕೆಂದು ರೂಪಿಸಿರುವುದಿಲ್ಲ. ಟ್ಯಾಂಕಿನಲ್ಲಿ ಅಂಥ ಪೆಟ್ರೋಲ್ ತುಂಬಿ ಆರು ತಿಂಗಳು ನಿಲ್ಲಿಸಿದರೆ ಪೈಪು, ಸೀಲು, ಪಂಪುಗಳಿಗೆ ಒಳ್ಳೆಯದಲ್ಲ.

ಬ್ಯಾಟರಿ ಖಾಲಿಯಾಗಿ ಸಾಯುತ್ತದೆ. ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಆ ಬೆಲ್ಟಿಗೆ ಕಿಲೋಮೀಟರಿನ ಗಡುವಿನ ಜೊತೆಗೆ ವರ್ಷದ ಗಡುವೂ ಇರುತ್ತದೆ. ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಇವೆಲ್ಲದರ ಮೇಲೆ ಇಲಿಗಳ ಉಪದ್ರವ. ವಯರು ಕಡಿದ ಜಾಗ ಹುಡುಕುವುದಕ್ಕೇ ಮೆಕ್ಯಾನಿಕ್ಕಿಗೆ ಎರಡು ದಿನ ಬೇಕಾದೀತು.

ಇನ್ನು ಈ 16,000 ಕಿಲೋಮೀಟರನ್ನು ಹನ್ನೊಂದು ವರ್ಷಕ್ಕೆ ಹಂಚಿ ನೋಡಿ. ತಿಂಗಳಿಗೆ ಸುಮಾರು 120 ಕಿಲೋಮೀಟರ್ ಆಗುತ್ತದೆ. ಮೂರ್ನಾಡಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ತಿಂಗಳಿಗೆ ನಾಲ್ಕು ಸಲ ಮಡಿಕೇರಿಗೆ ಹೋಗಿ ಬಂದಷ್ಟು. ಪ್ರತಿ ಭಾನುವಾರ ಬೆಳಗ್ಗೆ ಅಷ್ಟು ದೂರ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತಂದು ನಿಲ್ಲಿಸಿ, ವರ್ಷಕ್ಕೊಮ್ಮೆ ತಪ್ಪದೆ ಎಣ್ಣೆ ಬದಲಿಸಿದ್ದರೆ ಆ ಕಾರು ನಿಜಕ್ಕೂ ಚಿನ್ನ. ಮೊದಲ ಮೂರು ವರ್ಷದಲ್ಲೇ 15,000 ಓಡಿಸಿ, ಉಳಿದ ಎಂಟು ವರ್ಷ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿಸಿದ್ದರೆ? ಮೀಟರಿನಲ್ಲಿ ಕಾಣುವುದು ಅದೇ ಅಂಕಿ, ಕಾರು ಮಾತ್ರ ಬೇರೆ. ನಿತ್ಯ ಎರಡು ಕಿಲೋಮೀಟರ್ ದೂರದ ಆಫೀಸಿಗೆ ಹೋಗಿ ಬಂದದ್ದಾದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ತೇವ ಕೂತು ಎಣ್ಣೆ ಕೆಟ್ಟಿರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ “ಎಷ್ಟು ಓಡಿದೆ?” ಎಂಬುದಲ್ಲ. “ಓಡದ ದಿನಗಳನ್ನು ಹೇಗೆ ಕಳೆದಿದೆ?” ಎಂಬುದು.

ಅಂಕಿ ನಿಜವೇ ಎಂದು ತಿಳಿಯುವುದು ಹೇಗೆ?

ದಾನವಾಗಿ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ದುಡ್ಡು ಕೊಟ್ಟು ಕೊಳ್ಳುವ ಎಮ್ಮೆಯ ಹಲ್ಲನ್ನು ಎರಡು ಸಲ ಎಣಿಸಬೇಕು. ಹಿಂದೆ ಮೀಟರಿನ ಕೇಬಲ್ ಬಿಚ್ಚಿ ಅಂಕಿ ತಿರುಗಿಸುತ್ತಿದ್ದರು. ಈಗಿನ ಡಿಜಿಟಲ್ ಮೀಟರನ್ನೂ ಯಂತ್ರ ಸಿಕ್ಕಿಸಿ ತಿದ್ದಬಲ್ಲವರಿದ್ದಾರೆ. ಮೀಟರೊಂದನ್ನೇ ನಂಬದೆ ಬೇರೆ ಸಾಕ್ಷಿಗಳನ್ನು ಕರೆಯಬೇಕು.

ಮೊದಲ ಸಾಕ್ಷಿ ಸರ್ವಿಸ್ ದಾಖಲೆ. ಪ್ರತಿ ಸಲ ಕಾರು ಗ್ಯಾರೇಜಿಗೆ ಹೋದ ತಾರೀಕು ಮತ್ತು ಅಂದಿನ ಕಿಲೋಮೀಟರು ಬಿಲ್ಲಿನಲ್ಲಿರುತ್ತದೆ. ಅವನ್ನು ತಾರೀಕಿನ ಪ್ರಕಾರ ಜೋಡಿಸಿ. ಅಂಕಿ ಏರುತ್ತಾ ಹೋಗಬೇಕು, ನಡುವೆ ಇಳಿಯಕೂಡದು. ಎರಡು ಬಿಲ್ಲುಗಳ ನಡುವೆ ನಾಲ್ಕು ವರ್ಷದ ಅಂತರವಿದ್ದರೆ ಆ ನಾಲ್ಕು ವರ್ಷ ಕಾರು ಎಲ್ಲಿತ್ತು ಎಂದು ಕೇಳಿ. ದಾಖಲೆಯೇ ಇಲ್ಲ ಎನ್ನುವವರ ಹತ್ತಿರ ಮಾತು ಬೆಳೆಸಬೇಕಾಗಿಲ್ಲ.

ಎರಡನೆಯ ಸಾಕ್ಷಿ ಟೈರು. ಟೈರಿನ ಪಕ್ಕದಲ್ಲಿ ‘ಡಿಓಟಿ’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3218 ಎಂದಿದ್ದರೆ 2018ನೇ ಇಸವಿಯ 32ನೇ ವಾರ ತಯಾರಾದದ್ದು ಎಂದರ್ಥ. ಕಾರಿನ ಜೊತೆಗೇ ಬಂದ ಟೈರಾದರೆ ಅದರ ವಯಸ್ಸು ಕಾರಿನಷ್ಟೇ ಇರುತ್ತದೆ. ಹಾಗಿದ್ದರೆ ಮೀಟರಿನ ಅಂಕಿ ನಿಜವಿರಬಹುದು, ಆದರೆ ನಾಲ್ಕೂ ಟೈರುಗಳನ್ನು ನೀವು ಬದಲಿಸಬೇಕಾಗುತ್ತದೆ. ನಾಲ್ಕನೆಯ ವರ್ಷಕ್ಕೇ ಹೊಸ ಟೈರು ಬಿದ್ದಿದ್ದರೆ, ಆರೇಳು ಸಾವಿರ ಓಡಿದ ಕಾರಿಗೆ ಅಷ್ಟು ಬೇಗ ಹೊಸ ಟೈರು ಯಾಕೆ ಬೇಕಾಯಿತು ಎಂದು ವಿಚಾರಿಸಿ. ಸರಿಯಾದ ಕಾರಣ ಇರಲೂಬಹುದು.

ಮೂರನೆಯ ಸಾಕ್ಷಿ ಕೈಕಾಲು ತಾಗುವ ಜಾಗಗಳು. ಪೆಡಲ್ಲಿನ ರಬ್ಬರು, ಸ್ಟೀರಿಂಗಿನ ಚರ್ಮ, ಗೇರ್ ಹಿಡಿ, ಡ್ರೈವರ್ ಸೀಟಿನ ಹೊರಗಿನ ಅಂಚು. 16,000ಕ್ಕೆ ಇವು ನುಣ್ಣಗೆ ಸವೆದಿರುವುದಿಲ್ಲ. ಸವೆದಿದ್ದರೆ ಒಂದೋ ಮೀಟರು ಸುಳ್ಳು ಹೇಳುತ್ತಿದೆ, ಅಥವಾ ಬಿಸಿಲಿನಲ್ಲಿ ನಿಂತು ನಿಂತು ಒಣಗಿದೆ.

ಕೊನೆಗೆ, ಆ ಕಂಪನಿಯ ಕಾರನ್ನು ಬಲ್ಲ ಗ್ಯಾರೇಜಿಗೆ ಕಾರನ್ನು ಒಯ್ದು, ಮೇಲೆತ್ತಿಸಿ, ಅಡಿಯಿಂದ ನೋಡಿಸಬೇಕು. ಕಂಪ್ಯೂಟರಿನಲ್ಲಿ ದೋಷಗಳ ಪಟ್ಟಿ ತೆಗೆಸಬೇಕು. ಬಣ್ಣದ ದಪ್ಪ ಅಳೆಸಿದರೆ ಎಲ್ಲಿ ಗುದ್ದಿಸಿಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ಈ ತಪಾಸಣೆಗೆ ಕೆಲವು ಸಾವಿರ ಖರ್ಚಾಗುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ನಿರಾಕರಣೆಯೇ ನಿಮಗೆ ಬೇಕಾದ ಉತ್ತರ.

ಬಿಡಿಭಾಗ ಎಲ್ಲಿಂದ ಬರುತ್ತದೆ?

ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರು ಯಾವಾಗಲೂ ಬೆರಳೆಣಿಕೆಯ ಸರಕು. 1998ರಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಪುಟ್ಟ ಎರಡು ಸೀಟಿನ ಕಾರು ಬಂತು. ಗೋವಾದಲ್ಲಿ ತಯಾರಾಗುತ್ತಿತ್ತು. ಫೈಬರ್ ಮೈ, ಬಟ್ಟೆಯ ಚಾವಣಿ, ರೆನೊ ಕಂಪನಿಯ 1149 ಸಿ.ಸಿ. ಎಂಜಿನ್. ನೋಡಲು ಚೆಂದವಿತ್ತು, ಆದರೆ ಹೆಚ್ಚು ಮಾರಾಟವಾಗಲಿಲ್ಲ. ಈಗ ತಯಾರಿಕೆ ಇಲ್ಲ. ಆ ಮೇಲೆ ಬಂದ ವೇಗದ ಕಾರುಗಳೂ ಅಷ್ಟೇ. 2016ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಬಂದಾಗ ಮಾರಾಟಕ್ಕೆ ಇಟ್ಟದ್ದು 99 ಕಾರುಗಳನ್ನು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2017ರಲ್ಲಿ ಬಂದಾಗ 500, ಮತ್ತೆ 2020ರಲ್ಲಿ 200. ಫೋರ್ಡ್ ಮಸ್ಟಾಂಗ್ ಅಧಿಕೃತವಾಗಿ ಬಂದದ್ದೇ 2016ರಲ್ಲಿ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಅಪರೂಪದ ಕಾರು ಎಂದು ಹೆಮ್ಮೆ ಪಡುವುದು ಸುಲಭ. ಬಾಗಿಲ ಗಾಜು ಒಡೆದ ದಿನ ಆ ಅಪರೂಪದ ಅರ್ಥ ಗೊತ್ತಾಗುತ್ತದೆ. ಮಾರುತಿ ಕಾರಿನ ಹೆಡ್‌ಲೈಟು ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಸಿಗುತ್ತದೆ, ಇಲ್ಲದಿದ್ದರೆ ಮರುದಿನ ಬಸ್ಸಿನಲ್ಲಿ ಬರುತ್ತದೆ. ಆಮದು ಕಾರಿನ ಹೆಡ್‌ಲೈಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು, ಬೆಲೆ ಒಂದು ಸೆಕೆಂಡ್ ಹ್ಯಾಂಡ್ ಬೈಕಿನಷ್ಟಿರಬಹುದು. ಕೆಲವು ಕಾರುಗಳು ಕಡಿಮೆ ಓಡಿರುವುದಕ್ಕೆ ಮಾಲೀಕರ ಪ್ರೀತಿ ಕಾರಣವಲ್ಲ, ಬಿಡಿಭಾಗ ಸಿಗದೆ ಗ್ಯಾರೇಜಿನಲ್ಲೇ ಕೊಳೆತದ್ದು ಕಾರಣ. ಹಾಗಾಗಿ ಕಾರು ನೋಡುವ ಮೊದಲು ಮೂರು ವಸ್ತುಗಳ ಬೆಲೆಯನ್ನೂ ಅವು ಬರಲು ಹಿಡಿಯುವ ದಿನವನ್ನೂ ಫೋನಿನಲ್ಲೇ ವಿಚಾರಿಸಿ: ಮುಂದಿನ ಗಾಜು, ಹೆಡ್‌ಲೈಟು, ಕ್ಲಚ್ಚು.

ಕೊಡಗಿನ ರಸ್ತೆ, ಕೊಡಗಿನ ಮಳೆ

ಕಾರು ಬೆಂಗಳೂರಿನಲ್ಲಿ ಚೆನ್ನಾಗಿದ್ದ ಮಾತ್ರಕ್ಕೆ ಮೂರ್ನಾಡಿನಲ್ಲೂ ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಸಾಧಾರಣ ಕಾರಿಗೆ ನೆಲದಿಂದ 16ರಿಂದ 20 ಸೆಂಟಿಮೀಟರ್ ಎತ್ತರ ಇದ್ದರೆ ಇಂಥವಕ್ಕೆ 12ರ ಆಸುಪಾಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಂತೆ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದ ಇರಬೇಕು. ನಿಯಮ ಪಾಲಿಸಿದ ಉಬ್ಬಿನ ಮೇಲೂ ಇಂಥ ಕಾರು ಉಸಿರು ಬಿಗಿ ಹಿಡಿದು ದಾಟಬೇಕು. ಊರವರೇ ರಾತ್ರೋರಾತ್ರಿ ಹಾಕಿದ ಉಬ್ಬಿನ ಮಾತು ಬೇಡ. ಮುಖ್ಯರಸ್ತೆಯಿಂದ ತೋಟದ ಮನೆಗೆ ಇಳಿಯುವ ಕಲ್ಲು ಮಣ್ಣಿನ ದಾರಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಜೀಪು ಓಡಾಡಿ ಎರಡೂ ಬದಿ ಗುಂಡಿ ಬಿದ್ದು ನಡುವೆ ದಿಬ್ಬ ಎದ್ದಿರುತ್ತದಲ್ಲ, ಆ ದಿಬ್ಬ ಮೊದಲು ತಾಗುವುದು ಎಂಜಿನ್ನಿನ ಎಣ್ಣೆ ತೊಟ್ಟಿಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಿಮಗೆ ಹೊಸದಲ್ಲ. ಬಟ್ಟೆಯ ಚಾವಣಿಯ ಕಾರುಗಳಲ್ಲಿ ನೀರು ಹರಿದು ಹೋಗಲು ಸಣ್ಣ ತೂತುಗಳಿರುತ್ತವೆ. ಸಿಲ್ವರ್ ಮರದ ಎಲೆ ನಾಲ್ಕು ಬಿದ್ದು ಅಲ್ಲಿ ಸೇರಿಕೊಂಡರೆ ನೀರು ಹೊರಗೆ ಹೋಗದೆ ಸೀಟಿನ ಕೆಳಗೆ ನಿಲ್ಲುತ್ತದೆ. ಅನೇಕ ಕಾರುಗಳಲ್ಲಿ ವಯರಿನ ಗಂಟುಗಳಿರುವುದೂ ಅಲ್ಲೇ. ಶೆಡ್ಡಿನಲ್ಲಿಟ್ಟರೂ ಆಷಾಢದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೇತ್ರಿಯಲ್ಲಿ ಕಾವೇರಿ ತುಂಬಿ ಬರುವ ದಿನಗಳಲ್ಲಿ ಎತ್ತರದ ಜೀಪು ನಿಭಾಯಿಸುವ ನೀರನ್ನು ಈ ಕಾರು ನಿಭಾಯಿಸಲಾರದು. ಹಾಗಾದರೆ ವರ್ಷದಲ್ಲಿ ನಾಲ್ಕು ತಿಂಗಳು ಅದು ಶೆಡ್ಡಿನಲ್ಲೇ ಎಂದು ಹಿಡಿಯಬೇಕು. ಬೆಂಗಳೂರಿನ ನೆಲಮಾಳಿಗೆಯಲ್ಲಿ ನಿಂತದ್ದು ಸಾಲದೆಂದು ಇಲ್ಲಿಯೂ ನಿಲ್ಲುತ್ತದೆ.

ಕೊಡಗಿಗೆ ರೈಲಿಲ್ಲ. ಕೆಟ್ಟು ನಿಂತರೆ ಲಾರಿಯ ಮೇಲೇರಿಸಿ ಮೈಸೂರಿಗೋ ಮಂಗಳೂರಿಗೋ ಒಯ್ಯಬೇಕು. ಮೈಸೂರೇ 120 ಕಿಲೋಮೀಟರಿನ ಆಸುಪಾಸು.

ಕಾಗದ ಪತ್ರ

ಪುದುಚೇರಿ ನೋಂದಣಿ ಎಂಬ ಎರಡು ಪದವನ್ನು ಪತ್ರದಲ್ಲಿ ಸುಲಭವಾಗಿ ದಾಟಿಸಿದ್ದೀರಿ. ಅಲ್ಲಿ ತೆರಿಗೆ ಕಡಿಮೆ ಎಂದು ದುಬಾರಿ ಕಾರುಗಳನ್ನು ಅಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವುದು ಹಳೆಯ ಉಪಾಯ. ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಇಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದ ಸುಮಾರು ಮೂವತ್ತು ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು.

20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಹೊಸ ಕಾರಿಗೆ ನಮ್ಮ ರಾಜ್ಯದ ತೆರಿಗೆ ಶೇಕಡಾ 18. ಹಳೆಯದಾದಂತೆ ಇಳಿಯುತ್ತದೆ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ 11 ಲಕ್ಷದ ಮೇಲಲ್ಲ, ಕಾರಿನ ಮೂಲ ಬೆಲೆಯ ಆಧಾರದ ಮೇಲೆ. ಮುಂಗಡ ಕೊಡುವ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಗೆ ಆರ್‌ಸಿಯ ಪ್ರತಿ ಒಯ್ದು ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬನ್ನಿ.

ಇನ್ನೂ ಒಂದಿದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಸಾಮಾನ್ಯ ಕಾರಿಗೆ ಇದರ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000. ನೀವು ನೋಡಿರುವ ಕಾರಿಗೆ ಆ ಗಡುವು ಇನ್ನು ನಾಲ್ಕೇ ವರ್ಷ.

ಉಳಿದಂತೆ ಪರಿವಾಹನ್ ತಾಣದಲ್ಲಿ ಕಾರಿನ ಸಂಖ್ಯೆ ಹಾಕಿ ಸಾಲದ ನಮೂದು, ವಿಮೆ, ಬಾಕಿ ದಂಡ ನೋಡಿಕೊಳ್ಳಿ. ಸಾಲ ತೀರಿದ್ದರೆ 35ನೇ ಫಾರಂ, ಬೇರೆ ರಾಜ್ಯದಿಂದ ತರಲು 28ನೇ ಫಾರಮಿನ ನಿರಾಕ್ಷೇಪಣಾ ಪತ್ರ, ಹೆಸರು ಬದಲಿಸಲು 29 ಮತ್ತು 30. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ತಿಳಿಸಬೇಕು.

ಈಗ ಕೂತು ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಅಪ್ಪ ಮಗ ಇಬ್ಬರೂ ಒಟ್ಟಿಗೆ ಕೂರಿ. ಕೆಳಗಿನ ಅಂಕಿಗಳು ಅಂದಾಜಿನವು. ನೀವು ವಿಚಾರಿಸಿ ತಂದ ನಿಜವಾದ ಅಂಕಿಗಳನ್ನು ಅವುಗಳ ಜಾಗದಲ್ಲಿ ತುಂಬಿ.

ಕಾರಿನ ಬೆಲೆ 11 ಲಕ್ಷ. ತಂದ ಕೂಡಲೇ ನಾಲ್ಕು ಟೈರು, ಬ್ಯಾಟರಿ, ಎಲ್ಲ ಎಣ್ಣೆಗಳು, ಬೆಲ್ಟು ಸೇರಿ 1 ಲಕ್ಷ 25 ಸಾವಿರ ಎಂದು ಹಿಡಿಯೋಣ. ಇನ್ನು ವರ್ಷದ ಖರ್ಚು. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುತ್ತೀರಿ, ಲೀಟರಿಗೆ 9 ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದರೂ ಸುಮಾರು 67,000. ವಿಮೆ 35,000. ಇದರಲ್ಲಿ 1500 ಸಿ.ಸಿ. ಮೀರಿದ ಕಾರಿನ ಕಡ್ಡಾಯ ಥರ್ಡ್ ಪಾರ್ಟಿ ಕಂತೇ 2022ರ ದರದಲ್ಲಿ 7,897 ರೂಪಾಯಿ. ವಾರ್ಷಿಕ ಸರ್ವಿಸ್ 40,000. ಇದ್ದಕ್ಕಿದ್ದಂತೆ ಬರುವ ರಿಪೇರಿಗೆ ಎತ್ತಿಡುವ ಹಣ 60,000. ಒಟ್ಟು ವರ್ಷಕ್ಕೆ ಎರಡು ಲಕ್ಷ. ನಾಲ್ಕು ವರ್ಷಕ್ಕೆ ಎಂಟು ಲಕ್ಷ.

ಅಂದರೆ ಒಟ್ಟು ಖರ್ಚು 20 ಲಕ್ಷ 25 ಸಾವಿರ. ಹದಿನೈದು ತುಂಬುವ ಹೊತ್ತಿಗೆ 5 ಲಕ್ಷಕ್ಕೆ ಮಾರಿದಿರಿ ಎನ್ನೋಣ. ಕೈಬಿಟ್ಟು ಹೋದದ್ದು 15 ಲಕ್ಷ 25 ಸಾವಿರ. ಅಷ್ಟರಲ್ಲಿ ಓಡಿಸಿರುವುದು 24,000 ಕಿಲೋಮೀಟರ್. ಭಾಗಿಸಿ ನೋಡಿ, ಕಿಲೋಮೀಟರಿಗೆ 63 ರೂಪಾಯಿ ಚಿಲ್ಲರೆ. ಮೂರ್ನಾಡಿನಿಂದ ಮಡಿಕೇರಿಗೆ ಹೋಗಿ ಒಂದು ಕಾಫಿ ಕುಡಿದು ಬಂದರೆ ಕಾರಿನ ಪಾಲು 1,900 ರೂಪಾಯಿ. ಕರ್ನಾಟಕದ ತೆರಿಗೆಯನ್ನು ಇದರಲ್ಲಿ ಸೇರಿಸಿಲ್ಲ.

ಇಷ್ಟು ಖರ್ಚು ಮಾಡಬಾರದೆಂದು ಎಲ್ಲೂ ಬರೆದಿಲ್ಲ. ಒಬ್ಬೊಬ್ಬರ ಸಂತೋಷ ಒಂದೊಂದು ಕಡೆ ಇರುತ್ತದೆ. ಆದರೆ ನೀವು ಕೊಳ್ಳುತ್ತಿರುವುದು 11 ಲಕ್ಷದ ವಸ್ತುವನ್ನಲ್ಲ, 20 ಲಕ್ಷದ ವಸ್ತುವನ್ನು ಎಂಬುದು ಗೊತ್ತಿರಲಿ.

ಅಪ್ಪನಿಗೆ ಒಂದು ಮಾತು

ಕೊಡಗಿನ ಹಿರಿಯರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದಾಗ ಇಲ್ಲಿನ ಬೆಲೆ ಗಗನಕ್ಕೇರಿತು. ಕೈತುಂಬ ಹಣ ಕಂಡ ವರ್ಷಗಳು ಅವು. 2001–02ರ ಹೊತ್ತಿಗೆ ಜಾಗತಿಕ ಬೆಲೆ ಮೂವತ್ತು ವರ್ಷಗಳಲ್ಲೇ ಕೆಳಗಿಳಿಯಿತು. ತೋಟದ ಕೂಲಿಯೂ ಹೊರಡದ ದಿನಗಳು ಬಂದವು. 2024–25ರಲ್ಲಿ ರೊಬಸ್ಟಾ ಬೆಲೆ ಮತ್ತೆ ದಾಖಲೆ ಮುಟ್ಟಿತು. ಬೆಲೆ ಏರಿದ ವರ್ಷದ ಹಣ ಒಂದೇ ಸಲ ಬರುವಂಥದು. ಕಾರಿನ ಖರ್ಚು ಪ್ರತಿ ವರ್ಷ ಬರುವಂಥದು. ಒಂದೇ ಸಲ ಬರುವ ಹಣದಿಂದ ವರ್ಷ ವರ್ಷ ಕೇಳುವ ವಸ್ತುವನ್ನು ತಂದರೆ, ಬೆಲೆ ಇಳಿದ ವರ್ಷ ಅದು ಯಾರ ಪಾಲನ್ನು ಉಣ್ಣುತ್ತದೆ? ಗೊಬ್ಬರದ ಪಾಲನ್ನೋ, ತಂಗಿ ತಮ್ಮಂದಿರ ಕಾಲೇಜಿನ ಫೀಸನ್ನೋ?

ಆದರೆ ಮಗನ ಆಸೆಯನ್ನು ಶೋಕಿ ಎಂದು ತಳ್ಳಿಹಾಕಬೇಡಿ. ಅವರಿಗೆ ಯಂತ್ರದ ಮೇಲೆ ಪ್ರೀತಿಯಿದೆ, ಓದುತ್ತಿರುವುದೂ ಅದನ್ನೇ ಇರಬಹುದು. ಕೊಡಗಿನ ಮಣ್ಣಿನಲ್ಲಿ ಆ ಪ್ರೀತಿಗೆ ಜಾಗವಿದೆ. ಇಲ್ಲಿನ ತೋಟಗಳ ನಡುವಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಸ್ಪರ್ಧೆಯ ಸುತ್ತುಗಳು ನಡೆದಿವೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೊಕ್ರಾಸ್ ನಡೆದದ್ದುಂಟು. ಅಂಥ ಕಡೆ ರಸ್ತೆ ಮುಚ್ಚಿರುತ್ತಾರೆ, ಹೆಲ್ಮೆಟ್ ಇರುತ್ತದೆ, ಕಾರಿನೊಳಗೆ ಉಕ್ಕಿನ ಪಂಜರ ಇರುತ್ತದೆ, ಪಕ್ಕದಲ್ಲಿ ಆಂಬುಲೆನ್ಸ್ ನಿಂತಿರುತ್ತದೆ. ವೇಗವನ್ನು ಕಲಿಯುವ ಜಾಗ ಅದು. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ನಡೆದು ಹೋಗುವ ಮೂರ್ನಾಡಿನ ಮುಖ್ಯರಸ್ತೆ ಅದಲ್ಲ.

ಮಗನಿಗೆ ಒಂದು ಮಾತು

ನೀವು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಈ ಕಾರನ್ನು ಈ ಬೆಲೆಗೆ ಈಗ ಕೊಳ್ಳಬೇಡಿ. ಕಡಿಮೆ ಓಡಿದೆ ಎಂಬ ಒಂದೇ ಗುಣಕ್ಕೆ ಮಾರುವವರು ಬೆಲೆ ಕಟ್ಟಿದ್ದಾರೆ. ಹೊರ ರಾಜ್ಯದ ನೋಂದಣಿ, ನಾಲ್ಕೇ ವರ್ಷದ ಗಡುವು, ಬದಲಿಸಬೇಕಾದ ರಬ್ಬರು, ಇವುಗಳ ಖರ್ಚನ್ನೆಲ್ಲ ನಿಮ್ಮ ತಲೆಗೆ ಬಿಟ್ಟಿದ್ದಾರೆ.

ಆಸೆ ಬಿಡಲಾಗದಿದ್ದರೆ ಒಂದು ದಾರಿಯಿದೆ. ಸರ್ವಿಸ್ ದಾಖಲೆ ಪೂರ್ತಿಯಾಗಿ ತರಿಸಿ. ನಡುವೆ ಖಾಲಿ ವರ್ಷಗಳಿಲ್ಲದಿದ್ದರೆ ಮಾತ್ರ ತಪಾಸಣೆ ಮಾಡಿಸಿ. ತಪಾಸಣೆಯಲ್ಲಿ ಕಂಡ ರಿಪೇರಿ, ಕರ್ನಾಟಕದ ತೆರಿಗೆ, ಟೈರು ಎಲ್ಲವನ್ನೂ ಕೂಡಿ ಆ ಮೊತ್ತವನ್ನು 11 ಲಕ್ಷದಿಂದ ಕಳೆದು ಉಳಿದದ್ದನ್ನು ಹೇಳಿ. ಅದಕ್ಕೆ ಅವರು ಒಪ್ಪಿದರೆ ಮತ್ತೆ ಅಪ್ಪನ ಜೊತೆ ಕೂತು ಮಾತಾಡಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. “ಇನ್ನೊಬ್ಬರು ನಾಳೆಯೇ ಬರುತ್ತಾರೆ” ಎಂದು ಹೆದರಿಸಿದರೆ, ಹನ್ನೊಂದು ವರ್ಷ ಕಾದ ಕಾರಿಗೆ ಇನ್ನೊಂದು ವಾರ ಕಾಯುವುದು ಕಷ್ಟವಲ್ಲ ಎಂದುಕೊಳ್ಳಿ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಮೂರು ನಾಲ್ಕು ಲಕ್ಷದೊಳಗೆ, ಐವತ್ತು ಸಾವಿರ ಕಿಲೋಮೀಟರ್ ಓಡಿದ್ದರೂ ತಪ್ಪದೆ ಸರ್ವಿಸ್ ಆಗಿರುವ, ಬಿಡಿಭಾಗ ಮಡಿಕೇರಿಯಲ್ಲೇ ಸಿಗುವ ಚುರುಕಾದ ಸಣ್ಣ ಕಾರೊಂದನ್ನು ನೋಡಿ. ಅದರ ಎಣ್ಣೆ ನೀವೇ ಬದಲಿಸಿ, ಬ್ರೇಕ್ ನೀವೇ ಬಿಚ್ಚಿ ಜೋಡಿಸಿ ಕಲಿಯಿರಿ. ಮಳೆಗಾಲದಲ್ಲೂ ಓಡಿಸಿ. ಓದು ಮುಗಿದು ನಿಮ್ಮದೇ ಸಂಬಳ ಬಂದ ಮೇಲೆ ಸ್ಪೋರ್ಟ್ಸ್ ಕಾರು ನೋಡಲು ಹೋದಾಗ, ಮಾರುವವರ ಮಾತಿಗಿಂತ ಮೊದಲು ನಿಮ್ಮ ಕಿವಿ ಎಂಜಿನ್ನಿನ ಮಾತನ್ನು ಕೇಳಿಸಿಕೊಳ್ಳುತ್ತದೆ.